ಕೆರೆ ತುಂಬಿತು, ಜೀವ ತುಂಬಿತೇ?

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ರಾಜ್ಯದ ಗಡಿಗೆ ಹತ್ತಿರದ ಹೋಬಳಿ. ರಾಗಿ, ರೇಷ್ಮೆ, ಸೇದುವ ಬಾವಿಗಳ ಸೀಮೆ. 1990ರ ದಶಕದಲ್ಲಿ ಈ ಭಾಗದ ಹಳ್ಳಿಗಳನ್ನು ಮಲೇರಿಯಾ ಕಾಡುತ್ತಿತ್ತು. ಮನೆಯೊಳಗೆ ಕೀಟನಾಶಕ ಹೊಡೆಸುವುದು ಆಗ ಎಲ್ಲೆಡೆ ನಡೆಯುತ್ತಿದ್ದ ಕ್ರಮ. ಆದರೆ ರೇಷ್ಮೆ ಸಾಕುವ ಮನೆಗೆ ಕೀಟನಾಶಕ ಹೊಕ್ಕರೆ ಬೆಳೆಯೇ ಕೈಬಿಟ್ಟು ಹೋಗುತ್ತದೆ. ಮಲೇರಿಯಾ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿಗಳು ಇಲ್ಲಿ ಬೇರೆ ದಾರಿ ಹಿಡಿದರು. ರೋಗ ಹರಡುವ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಡುವುದು ಬಾವಿ, ಕುಂಟೆಗಳ ನೀರಿನಲ್ಲಿ. ಆ ನೀರಿಗೇ ಗಪ್ಪಿ ಮತ್ತು ಗ್ಯಾಂಬೂಸಿಯಾ ಎಂಬ ಸಣ್ಣ ಮೀನುಗಳನ್ನು ಬಿಟ್ಟರು. ಊರಿನವರು ಕೈಜೋಡಿಸಿದರು. ಮೀನು ಸೊಳ್ಳೆಮರಿ ತಿಂದಿತು, ಜ್ವರ ಇಳಿಯಿತು. ಮಲೇರಿಯಾ ನಿಯಂತ್ರಣದ ವೈಜ್ಞಾನಿಕ ಸಾಹಿತ್ಯದಲ್ಲಿ ಕಾಮಸಮುದ್ರದ ಹೆಸರು ಈ ಕಾರಣಕ್ಕೆ ದಾಖಲಾಗಿದೆ.

ಕಿರುಬೆರಳಿಗಿಂತ ಚಿಕ್ಕದಾದ ಒಂದು ಮೀನು ನೀರಿನಲ್ಲಿ ಮಾಡುವ ಕೆಲಸದ ಬೆಲೆ ಎಷ್ಟು ಎಂಬುದಕ್ಕೆ ನಮ್ಮದೇ ತಾಲ್ಲೂಕಿನ ಈ ಪುರಾವೆ ಸಾಕು. ಆದರೂ ಕೋಲಾರ ಸೀಮೆಯಲ್ಲಿ ಕೆರೆಯ ಮಾತು ಬಂದಾಗ ನಾವು ಕೇಳುವುದು ಒಂದನ್ನೇ: ನೀರು ಎಷ್ಟಿದೆ? ಎಷ್ಟು ಅಡಿ, ಎಷ್ಟು ದಶಲಕ್ಷ ಲೀಟರ್, ಬೋರ್‌ವೆಲ್‌ಗೆ ಎಷ್ಟು ಇಂಚು? ಬರ ಉಂಡ ನೆಲದಲ್ಲಿ ಆ ಪ್ರಶ್ನೆ ಸಹಜ, ನ್ಯಾಯವಾದದ್ದು. ಆದರೆ ಆ ನೀರಿನಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ಅದರ ಜೊತೆಗೇ ಕೇಳದಿದ್ದರೆ, ತುಂಬಿದ ಕೆರೆಯೂ ನಮ್ಮ ಕೈಗೆ ಹತ್ತದ ಕೆರೆಯಾಗುತ್ತದೆ.

ಬತ್ತಿ ತುಂಬುವ ಕೆರೆಗಳು

ಕೋಲಾರ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿಯಿಲ್ಲ. ವರ್ಷದ ಮಳೆ ಸರಾಸರಿ 750 ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮುಂಗಾರು ಸರಿದು ಹಿಂಗಾರು ಬರುವ ಹೊತ್ತಿನದು. ಈ ನೆಲದಲ್ಲಿ ಬದುಕಬೇಕೆಂದರೆ ಬಿದ್ದ ಹನಿಯನ್ನು ಹಿಡಿದಿಡಬೇಕು ಎಂದು ಅರಿತವರು ಇಳಿಜಾರಿನುದ್ದಕ್ಕೂ ಕೆರೆಗಳನ್ನು ಪೋಣಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಏರಿ, ತೂಬು, ಕೋಡಿ, ರಾಜಕಾಲುವೆ, ನೀರು ಹಂಚುವ ನೀರಗಂಟಿ ಎಲ್ಲವೂ ಸೇರಿ ಒಂದು ವ್ಯವಸ್ಥೆ. ಇಂದಿಗೂ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಪಾಲಾರ್ ನದಿಗೆ ಅಡ್ಡಕಟ್ಟಿದ ಬೇತಮಂಗಲದ ಕೆರೆ ಅವುಗಳಲ್ಲಿ ಹಳೆಯದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಚಿನ್ನದ ಗಣಿಗೂ ಗಣಿ ಕಾರ್ಮಿಕರ ಲೈನುಗಳಿಗೂ ನೀರು ಹೋದದ್ದು ಇಲ್ಲಿಂದಲೇ. ಇತ್ತ ಬೂದಿಕೋಟೆಯಲ್ಲಿ ಮಾರ್ಕಂಡೇಯ ಜಲಾಶಯವಿದೆ. ಅದೇ ಹೊಳೆಗೆ ಯರಗೋಳ್ ಬಳಿ ಕಟ್ಟಿದ ಅಣೆಕಟ್ಟೆ 2023ರಲ್ಲಿ ಉದ್ಘಾಟನೆಯಾಗಿ ಬಂಗಾರಪೇಟೆ, ಮಾಲೂರು, ಕೋಲಾರಕ್ಕೆ ಕುಡಿಯುವ ನೀರಿನ ಆಸರೆಯಾಗಿದೆ.

ನಮ್ಮ ಬಹುತೇಕ ಕೆರೆಗಳು ಬೇಸಿಗೆಗೆ ತಗ್ಗಿ, ಕೆಲವೊಮ್ಮೆ ಪೂರ್ತಿ ಬತ್ತಿ, ಮಳೆಗೆ ಮತ್ತೆ ತುಂಬುವ ಕೆರೆಗಳು. ಇಲ್ಲಿನ ಜೀವಿಗಳೂ ಈ ಲಯಕ್ಕೆ ಒಗ್ಗಿಕೊಂಡಿವೆ. ಕೊರಮೀನು ಗಾಳಿಯನ್ನೇ ಉಸಿರಾಡಬಲ್ಲದು. ನೀರು ಇಂಗಿದಾಗ ಒದ್ದೆ ಕೆಸರಿನಲ್ಲಿ ಹುದುಗಿ ದಿನ ತಳ್ಳಬಲ್ಲದು. ಚೇಳು ಮೀನು, ಹಾವು ಮೀನು ಸಹ ಹೀಗೆಯೇ ಗಟ್ಟಿಗ ಜೀವಗಳು. ಕಣ್ಣಿಗೆ ಬೀಳುವುದೇ ಕಷ್ಟವೆನ್ನುವಷ್ಟು ಸಣ್ಣ ನೀರು ಚಿಗಟಗಳು ಕೆರೆ ಬತ್ತುವ ಮುನ್ನ ಗಟ್ಟಿ ಕವಚದ ಮೊಟ್ಟೆಗಳನ್ನು ಕೆಸರಿಗೆ ಬಿಡುತ್ತವೆ. ಹಗೇವಿನಲ್ಲಿ ಇಟ್ಟ ರಾಗಿಯಂತೆ ಆ ಮೊಟ್ಟೆಗಳು ವರ್ಷಗಟ್ಟಲೆ ಕೆಡದೆ ಕಾಯುತ್ತವೆ, ನೀರು ಬಂದ ಕೆಲವೇ ದಿನಗಳಲ್ಲಿ ಒಡೆದು ಈಜುತ್ತವೆ. ನೀರಿನ ಗಿಡಗಳ ಬೀಜ, ಗೆಡ್ಡೆಗಳೂ ಅದೇ ಮಣ್ಣಿನಲ್ಲಿರುತ್ತವೆ. ಬತ್ತಿದ ಕೆರೆ ಸತ್ತ ಕೆರೆಯಲ್ಲ. 2021ರ ನವೆಂಬರ್‌ನಲ್ಲಿ ಎಡೆಬಿಡದೆ ಸುರಿದ ಮಳೆಗೆ ಜಿಲ್ಲೆಯ ಕೆರೆಗಳು ಸಾಲಾಗಿ ಕೋಡಿ ಹರಿದವು. ದಶಕಗಳಿಂದ ನೀರು ಕಾಣದ ಕೆರೆಯೂ ಅಂಥ ಒಂದು ಮಳೆಗೆ ಜೀವ ತಳೆಯುವುದು ಅದರ ಅಂಗಳದ ಮಣ್ಣು ತನ್ನ ಬಿತ್ತನೆಯನ್ನು ಉಳಿಸಿಕೊಂಡಿದ್ದರೆ ಮಾತ್ರ.

ನೀರಿನೊಳಗಿನ ದುಡಿಮೆ

ಕೆರೆಯಲ್ಲಿ ಯಾವ ಜೀವ ಏನು ಕೆಲಸ ಮಾಡುತ್ತದೆ ಎಂದು ನೋಡಿದರೆ, ಒಂದು ಕಳೆದುಹೋದಾಗ ಏನಾಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ನೀರಿನಲ್ಲಿ ಕರಗಿದ ಸಾರಜನಕ, ರಂಜಕವನ್ನು ಉಂಡು ಪಾಚಿ ಬೆಳೆಯುತ್ತದೆ. ಆ ಪಾಚಿಯನ್ನು ನೀರು ಚಿಗಟಗಳು ಸೋಸಿ ತಿನ್ನುತ್ತವೆ. ಅವನ್ನು ಗೆಂಡೆ, ಪಕ್ಕೆಯಂಥ ಸಣ್ಣ ಮೀನುಗಳು ತಿನ್ನುತ್ತವೆ. ಸಣ್ಣ ಮೀನನ್ನು ಕೊರಮೀನು, ನೀರುಕಾಗೆ, ಮಿಂಚುಳ್ಳಿ ಹಿಡಿಯುತ್ತವೆ. ತಳದ ಕೆಸರಿನಲ್ಲಿ ಅರ್ಧ ಹುದುಗಿದ ಕಪ್ಪೆಚಿಪ್ಪು ದಿನವಿಡೀ ನೀರನ್ನು ಒಳಗೆಳೆದು, ಸೋಸಿ, ಹೊರಬಿಡುತ್ತದೆ. ಬಸವನಹುಳು ಕಲ್ಲು, ಎಲೆಗಳ ಮೇಲಿನ ಲೋಳೆಯನ್ನು ಕೆರೆದು ತಿನ್ನುತ್ತದೆ. ಏಡಿ ಕೊಳೆತದ್ದನ್ನು ಮುಗಿಸುತ್ತದೆ. ಅಂಚಿನ ಜೊಂಡು ಹುಲ್ಲು ಹರಿದು ಬರುವ ನೀರಿನ ಓಟ ತಗ್ಗಿಸಿ ಹೂಳನ್ನು ತಡೆಯುತ್ತದೆ. ಅದರ ಬೇರುಗಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ಕರಗಿಸುತ್ತವೆ. ಗುಳುಮುಳುಕ ಗೂಡು ಕಟ್ಟುವುದೂ ಮೀನು ಮರಿಗಳು ಅಡಗುವುದೂ ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯುವುದೂ ಆ ಜೊಂಡಿನಲ್ಲೇ. ಏರೋಪ್ಲೇನ್ ಚಿಟ್ಟೆ ಮರಿಯಾಗಿದ್ದಾಗ ನೀರೊಳಗಿನ ಸೊಳ್ಳೆಮರಿಯನ್ನೂ, ರೆಕ್ಕೆ ಬಂದ ಮೇಲೆ ಹಾರುವ ಸೊಳ್ಳೆಯನ್ನೂ ತಿನ್ನುವ ಜೀವ.

ಇವುಗಳ ನಂಟು ಹೊರನೋಟಕ್ಕೆ ಕಾಣುವುದಕ್ಕಿಂತ ಬಿಗಿಯಾದದ್ದು. ಕಪ್ಪೆಚಿಪ್ಪಿನ ಮರಿ ಮೊದಲ ಕೆಲವು ವಾರಗಳನ್ನು ಕಳೆಯುವುದು ಮೀನಿನ ಕಿವಿರು, ಈಜುರೆಕ್ಕೆಗಳಿಗೆ ಅಂಟಿಕೊಂಡು. ಹೊಂದುವ ಮೀನು ಕೆರೆಯಿಂದ ಮಾಯವಾದರೆ ಚಿಪ್ಪಿನ ಸಂತತಿಯೂ ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ಚಿಪ್ಪುಗಳು ಇನ್ನೂ ಕೆಲವು ವರ್ಷ ಬದುಕಿರುವುದರಿಂದ ನಷ್ಟ ನಮಗೆ ತಿಳಿಯುವುದು ತಡವಾಗಿ. ಅಷ್ಟರಲ್ಲಿ ನೀರು ಸೋಸುವ ಕೆಲಸಗಾರರು ಇಲ್ಲವಾಗಿರುತ್ತಾರೆ.

ಒಂದೇ ಕೆಲಸಕ್ಕೆ ಇಷ್ಟೊಂದು ಬಗೆಯ ಜೀವಿಗಳು ಏಕೆ ಬೇಕು? ಅಮೆರಿಕದ ಪರಿಸರ ವಿಜ್ಞಾನಿ ಬ್ರಾಡ್ಲಿ ಕಾರ್ಡಿನಲ್ 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. 150 ಪುಟ್ಟ ಕೃತಕ ತೊರೆಗಳನ್ನು ಮಾಡಿ, ಕೆಲವಕ್ಕೆ ಒಂದೇ ಜಾತಿಯ ಪಾಚಿ, ಉಳಿದವಕ್ಕೆ ಎಂಟರವರೆಗೆ ಬೇರೆ ಬೇರೆ ಜಾತಿಯ ಪಾಚಿಗಳನ್ನು ಬಿಟ್ಟರು. ಎಂಟು ಜಾತಿ ಕೂಡಿದ್ದ ತೊರೆಗಳು ನೀರಿನಲ್ಲಿದ್ದ ನೈಟ್ರೇಟನ್ನು ಒಂಟಿ ಜಾತಿಯ ತೊರೆಗಳಿಗಿಂತ ಸರಾಸರಿ ನಾಲ್ಕೂವರೆ ಪಟ್ಟು ವೇಗವಾಗಿ ಹೀರಿದವು. ಕಾರಣ ಸರಳ. ಒಂದು ಜಾತಿ ರಭಸದ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ, ಇನ್ನೊಂದು ನಿಂತ ನೀರಿನಲ್ಲಿ. ಒಬ್ಬೊಬ್ಬರಿಗೂ ಒಂದೊಂದು ಮೂಲೆ ಇದ್ದಾಗ ಎಲ್ಲ ಮೂಲೆಗಳಲ್ಲೂ ಕೆಲಸ ನಡೆಯುತ್ತದೆ. ಹರಿವನ್ನು ಒಂದೇ ಸಮ ಮಾಡಿ ಆ ಮೂಲೆಗಳನ್ನು ಅಳಿಸಿದಾಗ ವೈವಿಧ್ಯದ ಲಾಭವೂ ಅಳಿಸಿಹೋಯಿತು. ಕೆರೆಯ ಅಂಚನ್ನು ಕಡಿದು ಎಲ್ಲೆಡೆ ಒಂದೇ ಆಳ ಮಾಡುವವರು ಗಮನಿಸಬೇಕಾದ ಸಂಗತಿ ಇದು.

ನೀರಿನ ಜೀವಿಗಳ ಏರುಪೇರು ದಡ ದಾಟಿ ಹೊಲಕ್ಕೂ ಬರುತ್ತದೆ. ಫ್ಲಾರಿಡಾದ ಕೊಳಗಳಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೀನಿರುವ ಕೊಳದ ಬಳಿಯ ಹೂಗಿಡಗಳಿಗೆ ಜೇನು, ನೊಣಗಳು ಹೆಚ್ಚು ಬಂದವು, ಮೀನಿಲ್ಲದ ಕೊಳದ ಬಳಿ ಕಡಿಮೆ ಬಂದವು. ಮೀನು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ತಿನ್ನುತ್ತದೆ, ಏರೋಪ್ಲೇನ್ ಚಿಟ್ಟೆ ಜೇನನ್ನು ಹಿಡಿಯುತ್ತದೆ. ಅದು ಕಡಿಮೆಯಾದಲ್ಲಿ ಪರಾಗಸ್ಪರ್ಶ ಹೆಚ್ಚಾಯಿತು. ಕೊಳದೊಳಗಿನ ಒಂದು ಬದಲಾವಣೆ ದಡದ ಹೂವಿನವರೆಗೆ ಮುಟ್ಟಿತು. ಹಾಗಾಗಿ ಯಾವ ಕೆರೆಗೆ ಯಾವ ಮೀನು ಬಿಡುತ್ತೇವೆ ಎಂಬುದು ಮೀನುಗಾರಿಕೆ ಇಲಾಖೆಗಷ್ಟೇ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ.

ಹೋದದ್ದು ಹೇಗೆ?

ನಮ್ಮ ಕೆರೆಗಳಿಂದ ಜೀವ ಜಾರಿದ್ದು ಒಂದೇ ದಿನದಲ್ಲಿ ಅಲ್ಲ, ಒಂದೇ ಕಾರಣಕ್ಕೂ ಅಲ್ಲ. ರಾಜಕಾಲುವೆಗಳು ಒತ್ತುವರಿಯಾದವು. 1980ರ ದಶಕದಿಂದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಜಲಾನಯನದ ತುಂಬ ನೀಲಗಿರಿ ಹಬ್ಬಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸುವ ಹೊತ್ತಿಗೆ ಕೋಲಾರದ ಗುಡ್ಡ, ಬಯಲುಗಳು ಅದರ ಪಾಲಾಗಿದ್ದವು. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು, ಅವುಗಳೊಂದಿಗೆ ಫ್ಲೋರೈಡ್ ಮೇಲೆ ಬಂತು. ಬತ್ತಿದ ಕೆರೆ ಅಂಗಳದಲ್ಲಿ ಸೀಮೆಜಾಲಿ ಬೇರುಬಿಟ್ಟಿತು. ಎರಡು ಮಳೆಗಾಲಗಳ ನಡುವಿನ ಅಂತರ ತಾಳಬಲ್ಲ ಮೀನಿಗೂ ಹತ್ತು ವರ್ಷದ ಒಣಗು ತಾಳಲಾಗದು.

ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಇನ್ನೊಂದು ಕಾರಣ ಸೇರಿಕೊಂಡಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಕೊಟ್ಟಿತು. ಅದಕ್ಕಾಗಿ ಅದುರನ್ನು ಹಿಟ್ಟಿನಂತೆ ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ, ಉಳಿದ ಮಣ್ಣನ್ನು ಊರ ನಡುವೆಯೇ ಸುರಿದರು. ಜನ ಸೈನೈಡ್ ದಿಬ್ಬ ಎಂದು ಕರೆಯುವ ಈ 13 ರಾಶಿಗಳಲ್ಲಿ ಸುಮಾರು 3.3 ಕೋಟಿ ಟನ್ ತ್ಯಾಜ್ಯವಿದೆ. ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಆದರೆ ಆ ನುಣ್ಣನೆಯ ಮಣ್ಣೂ ಅದರಲ್ಲಿರುವ ಗಂಧಕದ ಖನಿಜಗಳೂ ಭಾರ ಲೋಹಗಳೂ ಹಾಗೆ ಕರಗುವುದಿಲ್ಲ. ಬೇಸಿಗೆಯಲ್ಲಿ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಜನರ ಮನೆಯೊಳಗೆ ದೂಳಾಗಿ ಬರುವುದು ಅದೇ ಮಣ್ಣು. ಮಳೆಗಾಲದಲ್ಲಿ ಅದು ನೀರಿನೊಂದಿಗೆ ಕೊರಕಲುಗಳಲ್ಲಿ ಇಳಿದು ಹಳ್ಳ, ಹೊಲ, ಕೆರೆ ಸೇರುತ್ತದೆ.

ಇಂಥ ಹೂಳು ಕೆರೆಗೆ ಎರಡು ಬಗೆಯಲ್ಲಿ ಪೆಟ್ಟು ಕೊಡುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವಂಥದ್ದು. ನುಣ್ಣನೆಯ ಕಣಗಳು ನೀರನ್ನು ಕದಡಿ ಬೆಳಕು ತಡೆಯುತ್ತವೆ, ನೀರೊಳಗಿನ ಗಿಡಗಳು ಸೊರಗುತ್ತವೆ. ತಳಕ್ಕೆ ಕುಳಿತ ಪದರ ಮೀನಿನ ಮೊಟ್ಟೆಗಳನ್ನು, ಚಿಪ್ಪು, ಹುಳುಗಳನ್ನು ಮುಚ್ಚಿ ಉಸಿರುಗಟ್ಟಿಸುತ್ತದೆ. ಎರಡನೆಯದು ನಿಧಾನದ್ದು. ತಳದ ಮಣ್ಣಿನ ಲೋಹ ಹುಳುವಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೂ ಮನುಷ್ಯನಿಗೂ ಸಾಗಬಲ್ಲದು. ಸೂಕ್ಷ್ಮ ಜಾತಿಗಳು ಮೊದಲು ಹೋಗುತ್ತವೆ, ಏನನ್ನೂ ತಾಳಿಕೊಳ್ಳುವ ನಾಲ್ಕಾರು ಜಾತಿಗಳು ಉಳಿಯುತ್ತವೆ. ಕೆರೆಯಲ್ಲಿ ಮೀನು ಇದೆಯಲ್ಲ ಎಂದು ನಾವು ಸಮಾಧಾನ ಪಟ್ಟುಕೊಳ್ಳುವ ಹೊತ್ತಿಗೆ ಒಳಗಿನ ವೈವಿಧ್ಯ ಮುಗಿದಿರುತ್ತದೆ.

ಈ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಲಸ ಕಳೆದುಕೊಂಡ ಊರಿಗೆ ಇದು ಆಸೆಯ ಸುದ್ದಿ, ಆ ಆಸೆಯನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ದಶಕಗಳಿಂದ ಗಟ್ಟಿಯಾಗಿ ಕುಳಿತ ಮಣ್ಣನ್ನು ಕೆದಕಿದಾಗ ಮೊದಲ ಮಳೆಗೆ ಅದು ಎಲ್ಲಿಗೆ ಹರಿಯುತ್ತದೆ ಎಂಬ ಲೆಕ್ಕ ಯೋಜನೆಯ ಮೊದಲ ಪುಟದಲ್ಲಿರಬೇಕು. ದಿಬ್ಬದ ಬುಡದಲ್ಲಿ ಹೂಳು ತಡೆಯುವ ಗುಂಡಿಗಳು, ಕೆಳಗಿನ ಕೆರೆಗಳ ನೀರು ಮತ್ತು ತಳದ ಮಣ್ಣಿನ ಪರೀಕ್ಷೆ ಕೆಲಸಕ್ಕೆ ಮುಂಚೆಯೇ ಶುರುವಾಗಬೇಕು.

ಹೊರಗಿನಿಂದ ಬಂದವರು

ಕೆರೆಯ ಜೀವವೈವಿಧ್ಯ ಕುಗ್ಗಿಸುವುದರಲ್ಲಿ ಜೀವಿಗಳ ಪಾಲೂ ಇದೆ. ನಮ್ಮಲ್ಲಿ ಜಿಲೇಬಿ ಮೀನು ಎಂದು ಮಾರುವ ತಿಲಾಪಿಯಾ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ವರ್ಷಕ್ಕೆ ಹಲವು ಬಾರಿ ಮರಿ ಮಾಡಿ, ಮರಿಗಳನ್ನು ಬಾಯೊಳಗಿಟ್ಟು ಕಾಯುವ ಈ ಮೀನು ಒಮ್ಮೆ ಕೆರೆ ಹೊಕ್ಕರೆ ಸ್ಥಳೀಯ ಮೀನುಗಳ ಮೇವನ್ನೂ ಜಾಗವನ್ನೂ ಕಸಿಯುತ್ತದೆ. ಕಾಮಸಮುದ್ರದಲ್ಲಿ ಸೊಳ್ಳೆಮರಿ ತಿಂದು ಉಪಕಾರ ಮಾಡಿದ ಗ್ಯಾಂಬೂಸಿಯಾ ಕೂಡ ಅಮೆರಿಕದಿಂದ ಬಂದದ್ದು. ನೀರು ಹೊರಹರಿಯದ ಬಾವಿಯಲ್ಲಿ ಅದು ಔಷಧಿ. ಆದರೆ ತೆರೆದ ಕೆರೆ, ಹಳ್ಳ ಸೇರಿದರೆ ಕಪ್ಪೆಮರಿ, ಇತರ ಮೀನುಗಳ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಗುರುತಿಸಿರುವ ಜಗತ್ತಿನ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ತಿಲಾಪಿಯಾ, ಗ್ಯಾಂಬೂಸಿಯಾ ಎರಡೂ ಇವೆ. ನಮ್ಮ ಕೆರೆಗಳನ್ನು ಹಸಿರು ಚಾಪೆಯಾಗಿ ಮುಚ್ಚುವ, ಕೆನ್ನೀಲಿ ಹೂ ಬಿಡುವ ಅಂತರಗಂಗೆ ಕಳೆಯೂ ಅದೇ ಪಟ್ಟಿಯಲ್ಲಿದೆ. ಸೊಳ್ಳೆಮರಿ ತಿನ್ನುವ ಮೀನು ನಮ್ಮ ನೀರಿನಲ್ಲೇ ಇಲ್ಲವೇ? ಇದೆ. ತಲೆಯ ಮೇಲೆ ಬೆಳ್ಳಿ ಚುಕ್ಕಿ ಹೊಳೆಯುವ, ನೀರಿನ ಮೇಲ್ಪದರದಲ್ಲೇ ಓಡಾಡುವ ಏಪ್ಲೋಕೈಲಸ್ ಕುಲದ ಪುಟ್ಟ ಮೀನುಗಳು ದಕ್ಷಿಣ ಭಾರತದ ಕುಂಟೆ, ಹಳ್ಳಗಳ ಮೂಲ ನಿವಾಸಿಗಳು. ಅವನ್ನು ಉಳಿಸಿಕೊಂಡಿದ್ದರೆ ಹೊರಗಿನ ನೆರವನ್ನು ಅಷ್ಟು ನೆಚ್ಚಬೇಕಿಲ್ಲ.

ಇವೆಲ್ಲಕ್ಕಿಂತ ಭಯಪಡಬೇಕಾದದ್ದು ಆಫ್ರಿಕನ್ ಕ್ಯಾಟ್‌ಫಿಶ್. ಕೊಳೆ ನೀರಿನಲ್ಲೂ ಬೆಳೆಯುತ್ತದೆ, ಗಾಳಿ ಉಸಿರಾಡುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ನೀರಿಗೆ ಹೋಗುತ್ತದೆ, ಮೀನು, ಕಪ್ಪೆ, ಹುಳು ಏನನ್ನೂ ಬಿಡದೆ ತಿನ್ನುತ್ತದೆ. ಕೇಂದ್ರ ಸರ್ಕಾರ ಇದರ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದೆ. ಆದರೂ ಬೆಂಗಳೂರಿನ ಸುತ್ತಲ ಜಿಲ್ಲೆಗಳಲ್ಲಿ ಹೊಂಡಗಳಲ್ಲಿ ಕದ್ದು ಸಾಕುವುದು, ಅಧಿಕಾರಿಗಳು ದಾಳಿ ಮಾಡಿ ನಾಶಪಡಿಸುವುದು ನಡೆದೇ ಇದೆ. ಒಂದು ದೊಡ್ಡ ಮಳೆಗೆ ಅಂಥ ಹೊಂಡ ಉಕ್ಕಿದರೆ ಕೆಳಗಿನ ಕೆರೆ ಸರಣಿಯೇ ಅದರ ಬಾಯಿಗೆ ಬೀಳುತ್ತದೆ.

ಕಾನೂನುಬದ್ಧವಾಗಿ ಬಿತ್ತುವ ಮೀನಿನ ವಿಷಯದಲ್ಲೂ ಯೋಚಿಸಬೇಕಾದದ್ದಿದೆ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ನದಿಗಳ ಮೀನುಗಳು. ನಿಂತ ಕೆರೆ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ, ಪ್ರತಿವರ್ಷ ಮರಿ ತಂದು ಬಿಡಲೇಬೇಕು. ಕೊರಮೀನು ಹಾಗಲ್ಲ. ಅಂಚಿನ ಗಿಡಗಳ ನಡುವೆ ಜಾಗ ಮಾಡಿ ಮೊಟ್ಟೆಯಿಟ್ಟು, ಗುಂಪಾಗಿ ಈಜುವ ಕೆಂಪು ಮರಿಗಳ ಬೆನ್ನಿಗೆ ತಂದೆತಾಯಿ ಮೀನುಗಳೇ ಕಾವಲಿರುತ್ತವೆ. ಸಾಮಾನ್ಯ ಗೆಂಡೆ ಎಂದು ಬಿಡುವ ಹೊರದೇಶದ ಕಾರ್ಪ್ ಮೀನು ತಳದ ಕೆಸರನ್ನು ಕೆದಕಿ ಆ ಗಿಡಗಳನ್ನೇ ಬುಡಮೇಲು ಮಾಡುತ್ತದೆ. ಹರಾಜು ಹಿಡಿದವರಿಗೆ ಒಂದು ವರ್ಷದ ತೂಕ ಮುಖ್ಯ, ಊರಿಗೆ ಮುಂದಿನ ಇಪ್ಪತ್ತು ವರ್ಷ ಮುಖ್ಯ.

ಕೆ.ಸಿ. ವ್ಯಾಲಿಯ ನೀರು

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಸಂಸ್ಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು ಎತ್ತಿ 126 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿತು. ಶಾಶ್ವತ ನೀರಾವರಿ ಹೋರಾಟದವರು ನ್ಯಾಯಾಲಯದ ಮೆಟ್ಟಿಲೇರಿದರು. ಹೈಕೋರ್ಟ್ ತಡೆ, ಷರತ್ತಿನ ಅನುಮತಿ, ಸುಪ್ರೀಂ ಕೋರ್ಟಿನ ವಿಚಾರಣೆ ಎಲ್ಲ ದಾಟಿ ನೀರು ಹರಿಯುತ್ತಿದೆ. ಒಣಗಿದ್ದ ಕೆರೆಗಳು ತುಂಬಿವೆ, ಸುತ್ತಲಿನ ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಏರಿದೆ, ಬಿಟ್ಟುಹೋಗಿದ್ದ ತೋಟಗಳಿಗೆ ರೈತ ಮರಳಿದ್ದಾನೆ. ಇದನ್ನು ಅಲ್ಲಗಳೆಯುವುದು ಆ ರೈತನಿಗೆ ಮಾಡುವ ಅನ್ಯಾಯ.

ಆದರೆ ಎರಡು ಹಂತ ಸಂಸ್ಕರಿಸಿದ ನೀರಿನಲ್ಲಿ ಕೊಳಕು ಬಹುಮಟ್ಟಿಗೆ ಹೋದರೂ ಸಾರಜನಕ, ರಂಜಕ ಗಣನೀಯವಾಗಿ ಉಳಿಯುತ್ತವೆ. ಗಿಡಕ್ಕೆ ಅದು ಗೊಬ್ಬರ, ಪಾಚಿಗೂ ಗೊಬ್ಬರವೇ. ಪಾಚಿ ಮಿತಿಮೀರಿದ ಕೆರೆಯಲ್ಲಿ ಹಗಲು ಆಮ್ಲಜನಕ ತುಳುಕುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಂಡು ಬೆಳಗಿನ ಜಾವಕ್ಕೆ ನೀರು ಬರಿದಾಗುತ್ತದೆ. ಮೀನುಗಳು ಬಾಯ್ತೆರೆದು ಮೇಲೆ ಬರುವುದು, ರಾಶಿಯಾಗಿ ಸತ್ತು ತೇಲುವುದು ಆಗಲೇ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತಾಗ ನಗರ ಕಂಡದ್ದು ಇಂಥ ದೃಶ್ಯವನ್ನೇ. ಪಾಚಿಯನ್ನು ಹದ್ದಿನಲ್ಲಿಡಬೇಕಾದ ನೀರು ಚಿಗಟ, ಚಿಪ್ಪು, ಜೊಂಡು ಇಲ್ಲದ ಕೆರೆಗೆ ಈ ಅಪಾಯ ಹೆಚ್ಚು.

ಇನ್ನೊಂದು ಸೂಕ್ಷ್ಮವೂ ಇದೆ. ಬತ್ತಿ ತುಂಬುತ್ತಿದ್ದ ಕೆರೆ ಈಗ ವರ್ಷವಿಡೀ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ನೀರು ಸರಿದ ತೆಳು ಕೆಸರಿನಲ್ಲಿ ಹುಳು ಹೆಕ್ಕುತ್ತಿದ್ದ ಗೊರವಗಳಿಗೆ, ಕೆರೆ ಅಂಗಳದಲ್ಲಿ ಚಿಗುರುತ್ತಿದ್ದ ಹುಲ್ಲಿಗೆ, ಅದನ್ನು ಮೇಯುತ್ತಿದ್ದ ದನಕುರಿಗಳಿಗೆ ಜಾಗವಿಲ್ಲ. ಬೇಸಿಗೆಯ ಬತ್ತುವಿಕೆಯೇ ತಡೆದಿಡುತ್ತಿದ್ದ ತಿಲಾಪಿಯಾ, ಅಂತರಗಂಗೆಯಂಥವಕ್ಕೆ ಈಗ ಅಡ್ಡಿಯೂ ಇಲ್ಲ. ನೀರು ಬಂದದ್ದು ಒಳ್ಳೆಯದೇ. ಅದನ್ನು ಹೇಗೆ ಬಿಡಬೇಕು, ಯಾವಾಗ ತಗ್ಗಿಸಬೇಕು ಎಂಬ ತಿಳಿವಳಿಕೆ ನೀರಿನ ಜೊತೆಗೇ ಬರಬೇಕಿತ್ತು.

ಲೆಕ್ಕ ಯಾರ ತಲೆಗೆ?

ಜೀವ ಹೋದ ನೀರಿನ ವೆಚ್ಚ ಕೊನೆಗೆ ಮನುಷ್ಯರ ಮೇಲೆಯೇ ಬೀಳುತ್ತದೆ. ಸೋಸುವ ಜೀವಿಗಳಿಲ್ಲದ ನೀರನ್ನು ಯಂತ್ರದಿಂದ ಸೋಸಬೇಕು, ವಿದ್ಯುತ್ ಬೇಕು. ತಾನಾಗಿ ಮರಿ ಮಾಡುವ ಮೀನಿಲ್ಲದ ಕೆರೆಗೆ ಪ್ರತಿವರ್ಷ ಮರಿ ಕೊಳ್ಳಬೇಕು. ಬೀಸುಬಲೆ ಹಿಡಿದು ಸಂಜೆಯ ಸಾರಿಗೆ ಒಂದು ಹಿಡಿ ಸಣ್ಣ ಮೀನು ತರುತ್ತಿದ್ದ ಬಡ ಮನೆಗೆ ಹರಾಜಿನ ಮೀನು ಸಂತೆಯ ಬೆಲೆಗೇ ಸಿಗುತ್ತದೆ.

ಆರೋಗ್ಯದ ವೆಚ್ಚ ಇನ್ನೂ ದೊಡ್ಡದು. ಕೋಸ್ಟರಿಕಾ, ಪನಾಮ ದೇಶಗಳಲ್ಲಿ 1980ರ ದಶಕದಿಂದ ಒಂದು ಶಿಲೀಂಧ್ರ ರೋಗ ಕಪ್ಪೆಗಳನ್ನು ಗುಡಿಸಿಹಾಕಿತು. ಕಪ್ಪೆ ಕಾಣೆಯಾದ ಪ್ರದೇಶಗಳಲ್ಲಿ ನಂತರದ ವರ್ಷಗಳಲ್ಲಿ ಮಲೇರಿಯಾ ಪ್ರಕರಣಗಳು ಏರಿದ್ದನ್ನು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸೊಳ್ಳೆಯನ್ನೂ ಅದರ ಮರಿಯನ್ನೂ ತಿನ್ನುವವರು ಹೋದರೆ ಸೊಳ್ಳೆ ಉಳಿಯುತ್ತದೆ. ಕಪ್ಪೆ ಕಾಲುಗಳನ್ನು ಸಾವಿರಾರು ಟನ್ ಲೆಕ್ಕದಲ್ಲಿ ಹೊರದೇಶಕ್ಕೆ ಮಾರುತ್ತಿದ್ದ ಭಾರತ ಅದರ ರಫ್ತನ್ನು 1987ರಲ್ಲಿ ನಿಷೇಧಿಸಿತು. ಬೇಟೆ ನಿಂತರೂ ಕಪ್ಪೆಗೆ ಮೊಟ್ಟೆಯಿಡಲು ತೆಳು ನೀರಿನ ಅಂಚು ಬೇಕು, ಅದನ್ನು ನಾವು ಉಳಿಸಿಲ್ಲ. ಕಾಮಸಮುದ್ರದಲ್ಲಿ ಮೀನು ಬಂದು ಜ್ವರ ಇಳಿಯಿತು, ಮಧ್ಯ ಅಮೆರಿಕದಲ್ಲಿ ಕಪ್ಪೆ ಹೋಗಿ ಜ್ವರ ಏರಿತು. ಎರಡೂ ಹೇಳುವುದು ಒಂದೇ ಸತ್ಯವನ್ನು.

ಜಗತ್ತಿನ ಲೆಕ್ಕವೂ ಕಳವಳದ್ದೇ. ಡಬ್ಲ್ಯುಡಬ್ಲ್ಯುಎಫ್‌ನ 2024ರ ವರದಿಯಂತೆ, ಗಮನಿಸಲಾದ ಸಿಹಿನೀರಿನ ವನ್ಯಜೀವಿ ಸಂತತಿಗಳ ಗಾತ್ರ 1970ರಿಂದ 2020ರ ನಡುವೆ ಸರಾಸರಿ ಶೇ 85ರಷ್ಟು ಕುಸಿದಿದೆ. ಕಾಡು, ಕಡಲಿನ ಜೀವಿಗಳಿಗಿಂತ ಸಿಹಿನೀರಿನ ಜೀವಿಗಳ ಕುಸಿತವೇ ಹೆಚ್ಚು. ಮೀನು, ಏಡಿ-ಸೀಗಡಿ, ಏರೋಪ್ಲೇನ್ ಚಿಟ್ಟೆ ಗುಂಪಿನ 23,496 ಪ್ರಭೇದಗಳನ್ನು ಪರಿಶೀಲಿಸಿ 2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಅವುಗಳಲ್ಲಿ ಸುಮಾರು ಕಾಲುಭಾಗ ಅಳಿವಿನ ಅಪಾಯದಲ್ಲಿವೆ. ಹುಲಿ, ಆನೆಗೆ ಸಿಗುವ ಗಮನ ಪಕ್ಕೆ ಮೀನಿಗೂ ಚಿಪ್ಪಿಗೂ ಸಿಗುವುದಿಲ್ಲ.

ಮಾಡಬಹುದಾದ್ದು

ದಾರಿ ಇದೆ, ದೂರದಲ್ಲೂ ಇಲ್ಲ. ಬೆಂಗಳೂರಿನ ಜಕ್ಕೂರು ಕೆರೆಗೆ ಸಂಸ್ಕರಣಾ ಘಟಕದ ನೀರು ನೇರವಾಗಿ ಬೀಳುವುದಿಲ್ಲ. ಮೊದಲು ಜೊಂಡು, ನೀರುಗಿಡಗಳು ತುಂಬಿದ ಜೌಗಿನ ಮೂಲಕ ಸೋಸಿ ಹೋಗುತ್ತದೆ. ಯಂತ್ರ ಬಿಟ್ಟುಕೊಟ್ಟ ಸಾರಜನಕ, ರಂಜಕದ ಪಾಲನ್ನು ಗಿಡಗಳು ಹೀರುತ್ತವೆ. ಆ ಕೆರೆಗೆ ಹಕ್ಕಿಗಳು ಬರುತ್ತವೆ, ಮೀನುಗಾರರಿಗೆ ದುಡಿಮೆಯೂ ಇದೆ. ಕೆ.ಸಿ. ವ್ಯಾಲಿಯ ನೀರು ಹೊಗುವ ಪ್ರತಿ ಸರಣಿಯ ಮೊದಲ ಕೆರೆಯ ಬಾಯಲ್ಲಿ ಇಂಥ ಜೌಗು ಬೆಳೆಸಬಹುದು. ಮೂರನೇ ಹಂತದ ಸಂಸ್ಕರಣೆಗೆ ಇದು ಬದಲಿಯಲ್ಲ. ಅದು ಬೇಕೇ ಬೇಕು, ಅದರ ಜೊತೆಗೆ ಇದೂ ಬೇಕು.

ಹೂಳೆತ್ತುವಾಗ ಜೆಸಿಬಿಯಿಂದ ಕೆರೆಯನ್ನು ಕಡಿದಾದ ಬದಿಗಳ ಗುಂಡಿ ಮಾಡಬಾರದು. ಒಂದು ಬದಿಯ ಇಳಿಜಾರನ್ನು ಹಾಗೇ ಬಿಟ್ಟರೆ ಜೊಂಡಿಗೂ ಕಪ್ಪೆಗೂ ಗೊರವಕ್ಕೂ ಜಾಗ. ಇಡೀ ತಳವನ್ನು ಒಂದೇ ವರ್ಷ ಕೆರೆಯದೆ ಭಾಗ ಭಾಗವಾಗಿ ಎತ್ತಿದರೆ ಮಣ್ಣಿನಲ್ಲಿ ಕಾದಿರುವ ಮೊಟ್ಟೆ, ಬೀಜಗಳು ಉಳಿಯುತ್ತವೆ. ಮೀನು ಹರಾಜಿನ ಷರತ್ತಿನಲ್ಲಿ ನಿಷೇಧಿತ ಮೀನು ಬಿಡಬಾರದೆಂಬುದರ ಜೊತೆಗೆ, ಕೊರಮೀನು ಮರಿ ಕಾಯುವ ದಿನಗಳಲ್ಲಿ ಬಲೆ ಬೀಸಬಾರದೆಂದೂ ಸೇರಿಸಬಹುದು. ಇವಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಕಾನೂನಿನ ಬಲವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿ, ಪ್ರತಿ ನಗರಸಭೆಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ತನ್ನ ಊರಿನ ಜೀವಿಗಳ ಜನತಾ ದಾಖಲಾತಿ ಇಡಬೇಕು. ಕೆಜಿಎಫ್ ನಗರಸಭೆಗೂ ಬೇತಮಂಗಲ, ಬೂದಿಕೋಟೆ, ಕಾಮಸಮುದ್ರದ ಪಂಚಾಯಿತಿಗಳಿಗೂ ಈ ಹೊಣೆ ಇದೆ. ಆ ಪುಸ್ತಕದಲ್ಲಿ ಪ್ರತಿ ಕೆರೆಗೆ ಒಂದು ಪುಟ ಮೀಸಲಿಡಲಿ. ಈ ವರ್ಷ ಕಂಡ ಮೀನು ಯಾವುವು, ಮರಿ ಮಾಡಿದ ಹಕ್ಕಿ ಯಾವುವು, ಚಿಪ್ಪು ಇದೆಯೇ, ಜೊಂಡು ಎಷ್ಟಿದೆ, ಮೊದಲು ಇದ್ದು ಈಗ ಇಲ್ಲವಾದದ್ದು ಏನು ಎಂದು ಬರೆಯಲಿ. ಮೀನು ಹಿಡಿಯುವವರು, ಕುರಿ ಕಾಯುವವರು, ಹಳೆಯ ನೀರಗಂಟಿ ಮನೆತನದವರು ಹೇಳಲಿ, ಹೈಸ್ಕೂಲಿನ ಮಕ್ಕಳು ಬರೆದುಕೊಳ್ಳಲಿ. ಯೋಜನೆಯ ಬಿಲ್ಲು ಮಂಜೂರಾಗುವ ಮೊದಲು ಎಂಜಿನಿಯರು ನೀರಿನ ಮಟ್ಟದ ಜೊತೆಗೆ ಆ ಪುಟವನ್ನೂ ನೋಡುವಂತಾಗಲಿ.

ನೀರಿಗಾಗಿ ಕೋಲಾರದ ಜನ ದಶಕಗಳ ಕಾಲ ಹೋರಾಡಿದ್ದಾರೆ, ದೆಹಲಿವರೆಗೂ ಹೋಗಿದ್ದಾರೆ, ಕೊನೆಗೆ ಕೆರೆಗಳಲ್ಲಿ ನೀರು ಕಂಡಿದ್ದಾರೆ. ಅಷ್ಟು ಹೋರಾಡಿ ತಂದ ನೀರು ಮಕ್ಕಳ ಕಾಲಕ್ಕೂ ಕುಡಿಯಲು, ಬೆಳೆಯಲು, ಮೀನು ಹಿಡಿಯಲು ಯೋಗ್ಯವಾಗಿ ಉಳಿಯಬೇಕಾದರೆ ಅದನ್ನು ಕಾಯುವ ಜೀವಿಗಳಿಗೂ ಅಷ್ಟೇ ಗಟ್ಟಿಯಾಗಿ ದನಿಯೆತ್ತಬೇಕು. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಕೆರೆಯ ದಾಖಲಾತಿ ಸೇರಿಸಿ ಎಂದು ಕೇಳುವ ಹಕ್ಕು ಪ್ರತಿ ಮತದಾರನಿಗೂ ಇದೆ. ಅಲ್ಲಿಂದಲೇ ಆರಂಭಿಸೋಣ.